ಒಂದು ಚಿತ್ರ, ಲಕ್ಷ ಪ್ರತಿ: ಇಂಟರ್‌ನೆಟ್ ನೇರ ಪ್ರಸಾರ ನಡೆದು ಬಂದ ದಾರಿ

1994ರ ನವೆಂಬರ್ 18. ಅಮೆರಿಕದ ಡಲ್ಲಾಸ್ ನಗರದ ಕಾಟನ್ ಬೌಲ್ ಕ್ರೀಡಾಂಗಣದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಸಂಗೀತ ಕಾರ್ಯಕ್ರಮ. ಅದರ ಒಂದು ಭಾಗವನ್ನು ಇಂಟರ್‌ನೆಟ್ ಮೂಲಕ ನೇರವಾಗಿ ತೋರಿಸುವ ಏರ್ಪಾಡಾಗಿತ್ತು. ಇಂಥದ್ದು ಇದೇ ಮೊದಲು ಎಂಬ ಪ್ರಚಾರವೂ ನಡೆದಿತ್ತು. ವಿಶ್ವವಿದ್ಯಾಲಯಗಳ, ಪ್ರಯೋಗಾಲಯಗಳ ಕಂಪ್ಯೂಟರುಗಳ ಮುಂದೆ ಜನ ಕಾದು ಕುಳಿತಿದ್ದರು. ಆದರೆ ಪರದೆಯ ಮೇಲೆ ಮೊದಲು ಕಾಣಿಸಿಕೊಂಡವರು ಬೇರೆಯೇ ಜನ. ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ವಾದ್ಯತಂಡ ಅದು. ಬಿಡುವಿನ ವೇಳೆಯಲ್ಲಿ ಗಿಟಾರು, ಡ್ರಮ್ಮು ನುಡಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕೆಲವು ಕಂಪ್ಯೂಟರ್ ವಿಜ್ಞಾನಿಗಳ ಕೂಟ.

ಅವರನ್ನು ಯಾರೂ ಕರೆದಿರಲಿಲ್ಲ. ಅವರು ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ತಮ್ಮ ಕ್ಯಾಮೆರಾ ಹಚ್ಚಿದರು, ನುಡಿಸಿದರು, ಅಷ್ಟೆ. ಆಮೇಲೆ ಡಲ್ಲಾಸ್‌ನ ವೇದಿಕೆಗೆ ಬಂದ ಮಿಕ್ ಜಾಗರ್ ಇಂಟರ್‌ನೆಟ್ಟಿನ ವೀಕ್ಷಕರನ್ನು ಸ್ವಾಗತಿಸುತ್ತ, ಇದೆಲ್ಲ ಕುಸಿದು ಬೀಳದಿದ್ದರೆ ಸಾಕು ಎಂಬರ್ಥದ ಮಾತನಾಡಿದರು. ಕೇಳಿದವರು ನಕ್ಕಿರಬಹುದು. ಆದರೆ ಆ ಅಂಜಿಕೆ ಆ ಕಾಲಕ್ಕೆ ತಮಾಷೆಯದಾಗಿರಲಿಲ್ಲ.

ಇಂದು ಮದುವೆ, ಗೃಹಪ್ರವೇಶ, ರಥೋತ್ಸವ, ಯಕ್ಷಗಾನ ಎಲ್ಲವೂ ಮೊಬೈಲಿನಲ್ಲಿ ‘ಲೈವ್’. ಒಂದು ಗುಂಡಿ ಒತ್ತಿದರೆ ಮುಗಿಯಿತು. ಅಂದು ಅಷ್ಟು ಕಷ್ಟವಾಗಿದ್ದದ್ದು ಇಂದು ಇಷ್ಟು ಸುಲಭವಾದದ್ದು ಹೇಗೆ? ಕ್ಯಾಮೆರಾ ಸುಧಾರಿಸಿತು, ಸಂಪರ್ಕದ ವೇಗ ಹೆಚ್ಚಿತು ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಇನ್ನೊಂದು ಪ್ರಶ್ನೆಯಲ್ಲಿದೆ. ಒಂದೇ ಚಿತ್ರವನ್ನು ಲಕ್ಷ ಜನ ನೋಡಬೇಕಾದರೆ ಅದರ ಲಕ್ಷ ಪ್ರತಿಗಳಾಗಬೇಕು. ಆ ಪ್ರತಿಗಳನ್ನು ಎಲ್ಲಿ ತೆಗೆಯಬೇಕು, ಯಾರು ತೆಗೆಯಬೇಕು? ಇಂಟರ್‌ನೆಟ್ ನೇರ ಪ್ರಸಾರದ ಮೂರು ದಶಕಗಳ ಇತಿಹಾಸವೆಂದರೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳ ಇತಿಹಾಸ.

ಕಾಫಿ ಇದೆಯೋ ಇಲ್ಲವೋ?

ಮೊದಲ ಹೆಜ್ಜೆ ಇಟ್ಟದ್ದು ಒಂದು ಕಾಫಿ ಪಾತ್ರೆಯ ನೆಪದಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ‘ಟ್ರೋಜನ್ ರೂಮ್’ ಎಂಬ ಕೋಣೆಯ ಹೊರಗೆ ಕಾಫಿ ಯಂತ್ರವಿತ್ತು. ಬೇರೆ ಮಹಡಿಗಳಿಂದ ಮೆಟ್ಟಿಲಿಳಿದು ಬಂದವರಿಗೆ ಹಲವು ಸಲ ಕಾಣುತ್ತಿದ್ದುದು ಖಾಲಿ ಪಾತ್ರೆ. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಆ ಪಾತ್ರೆಗೆ ಒಂದು ಕ್ಯಾಮೆರಾ ನೆಟ್ಟರು. ನಿಮಿಷಕ್ಕೆ ಸುಮಾರು ಮೂರು ಕಪ್ಪು-ಬಿಳುಪು ಚಿತ್ರಗಳು ಪ್ರಯೋಗಾಲಯದ ಒಳಜಾಲದಲ್ಲಿ ಎಲ್ಲರ ಪರದೆಗೂ ಹೋಗುತ್ತಿದ್ದವು. 1993ರ ನವೆಂಬರಿನಲ್ಲಿ ಆ ಚಿತ್ರ ಜಾಗತಿಕ ವೆಬ್ಬಿಗೂ ಬಂತು. 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸುವವರೆಗೆ ಪ್ರಪಂಚದ ಮೂಲೆಮೂಲೆಯ ಜನ ತಮಗೆ ಸಿಗದ ಕಾಫಿಯನ್ನು ಇಣುಕಿ ನೋಡಿದರು.

ಅದು ಬಿಡಿಬಿಡಿ ಚಿತ್ರಗಳ ಮೆರವಣಿಗೆ. ಚಲಿಸುವ ಚಿತ್ರ, ಜೊತೆಗೆ ಧ್ವನಿ, ಅದೂ ನಡೆದ ಹೊತ್ತಿಗೇ ಎಂದಾಗ ಲೆಕ್ಕವೇ ಬೇರೆ.

ಗೋಪುರವಿಲ್ಲದ ಪ್ರಸಾರ

ಆಕಾಶವಾಣಿಯ ಗೋಪುರಕ್ಕೆ ಕೇಳುಗರ ಸಂಖ್ಯೆಯ ಚಿಂತೆಯಿಲ್ಲ. ಹಳ್ಳಿಯಲ್ಲಿ ಹತ್ತು ರೇಡಿಯೊ ಇರಲಿ, ಸಾವಿರ ಇರಲಿ, ಗೋಪುರ ಚೆಲ್ಲುವ ಅಲೆ ಒಂದೇ. ಇಂಟರ್‌ನೆಟ್ ಹಾಗಲ್ಲ. ಅದು ಅಂಚೆ ಇಲಾಖೆಯಂತೆ. ಅಲ್ಲಿ ಮಾಹಿತಿಯೆಲ್ಲ ಪ್ಯಾಕೆಟ್‌ಗಳೆಂಬ ಪುಟ್ಟ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಒಬ್ಬನೇ ಒಬ್ಬ ಸ್ವೀಕರಿಸುವವನ ವಿಳಾಸ. ಸಾವಿರ ಜನರಿಗೆ ಒಂದೇ ಪತ್ರ ತಲುಪಬೇಕಾದರೆ ಸಾವಿರ ಪತ್ರ ಬರೆದು ಹಾಕಬೇಕು.

ಇದರ ಪರಿಣಾಮವನ್ನು ಸರಳ ಗುಣಾಕಾರದಿಂದ ತಿಳಿಯಬಹುದು. ತೊಂಬತ್ತರ ದಶಕದ ಆರಂಭದಲ್ಲಿ ಅಂಚೆಚೀಟಿಗಿಂತ ತುಸು ದೊಡ್ಡದಾದ, ತಡವರಿಸಿ ಚಲಿಸುವ ಚಿತ್ರಕ್ಕೇ ಸೆಕೆಂಡಿಗೆ ಸುಮಾರು 128 ಕಿಲೋಬಿಟ್ ಬೇಕಿತ್ತು. ಸಾವಿರ ವೀಕ್ಷಕರಿಗೆ ಬೇರೆ ಬೇರೆಯಾಗಿ ಕಳುಹಿಸಿದರೆ ಅದು ಸೆಕೆಂಡಿಗೆ 12.8 ಕೋಟಿ ಬಿಟ್. ಆಗ ಅಮೆರಿಕದ ಇಂಟರ್‌ನೆಟ್ಟಿನ ಬೆನ್ನೆಲುಬಾಗಿದ್ದ ಎನ್‌ಎಸ್‌ಎಫ್‌ನೆಟ್ ಜಾಲದ ಮುಖ್ಯ ತಂತಿಗಳ ಸಾಮರ್ಥ್ಯವೇ ಸೆಕೆಂಡಿಗೆ ನಾಲ್ಕೂವರೆ ಕೋಟಿ ಬಿಟ್. ಅಂದರೆ ಸುಮಾರು 350 ಮಂದಿ ಒಂದೇ ಕಾರ್ಯಕ್ರಮ ನೋಡಲು ಕುಳಿತರೆ ಅಂಥ ಒಂದು ತಂತಿ ತುಂಬಿ ಹೋಗುತ್ತಿತ್ತು! ಜಾಗರ್ ಆಡಿದ ಮಾತಿನ ಹಿಂದಿದ್ದದ್ದು ಈ ಗಣಿತ.

ಕವಲಿನಲ್ಲಿ ಪ್ರತಿ

ಇದಕ್ಕೊಂದು ಪರಿಹಾರವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ ಸೂಚಿಸಿದರು. 1989ರ ಆಗಸ್ಟಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಹೆಸರು ‘ಮಲ್ಟಿಕಾಸ್ಟ್’. ಮೂಲದಿಂದ ಒಂದೇ ಪ್ರತಿ ಹೊರಡಲಿ. ದಾರಿ ಎಲ್ಲಿ ಕವಲೊಡೆಯುತ್ತದೆಯೋ ಅಲ್ಲಿರುವ ರೂಟರ್ ಮಾತ್ರ ಇನ್ನೊಂದು ಪ್ರತಿ ತೆಗೆಯಲಿ. ಅದೂ ಆ ಕವಲಿನಾಚೆ ಕೇಳಿದವರಿದ್ದರೆ ಮಾತ್ರ. ಬೆಂಗಳೂರಿನಿಂದ ಹೊರಟ ಒಂದೇ ಪತ್ರಕ್ಕೆ ತುಮಕೂರಿನ ಅಂಚೆಯವರು ಒಂದು ಪ್ರತಿ ಮಾಡಿ ಇಟ್ಟುಕೊಂಡು ಮೂಲವನ್ನು ಮುಂದಕ್ಕೆ ಕಳುಹಿಸಿದಂತೆ. ಒಂದು ತಂತಿಯಲ್ಲಿ ಒಂದು ಕಾರ್ಯಕ್ರಮ ಒಂದೇ ಸಲ ಹರಿಯುತ್ತದೆ. ನೋಡುವವರು ಹತ್ತೋ ಹತ್ತು ಸಾವಿರವೋ, ಕಳುಹಿಸುವವನಿಗೆ ಖರ್ಚು ಒಂದೇ.

ಆದರೆ ಆಗಿನ ಬಹುತೇಕ ರೂಟರುಗಳಿಗೆ ಈ ವಿದ್ಯೆ ಗೊತ್ತಿರಲಿಲ್ಲ. ಹೀಗಾಗಿ ಸಂಶೋಧಕರು ಅಲ್ಲಲ್ಲಿ ತಮ್ಮದೇ ಕಂಪ್ಯೂಟರುಗಳನ್ನಿಟ್ಟು, ಅವುಗಳ ನಡುವೆ ‘ಸುರಂಗ’ಗಳನ್ನು ಕೊರೆದರು. ಎಂದರೆ, ಮಲ್ಟಿಕಾಸ್ಟ್ ಪೊಟ್ಟಣವನ್ನು ಮಾಮೂಲಿ ಪೊಟ್ಟಣದೊಳಗೆ ಸುತ್ತಿ ಸಾಗಿಸುವುದು. ಹೀಗೆ ಇಂಟರ್‌ನೆಟ್ಟಿನ ಮೇಲೆಯೇ ಎದ್ದ ಇನ್ನೊಂದು ಜಾಲಕ್ಕೆ ‘ಎಂ-ಬೋನ್’ ಎಂದು ಹೆಸರಾಯಿತು. 1992ರ ಮಾರ್ಚಿನಲ್ಲಿ ಇಂಟರ್‌ನೆಟ್ ತಂತ್ರಜ್ಞರ ಸಭೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದಾಗ ಅಲ್ಲಿನ ಕಲಾಪದ ಧ್ವನಿ ಮೂರು ಖಂಡಗಳ 20 ಸ್ಥಳಗಳಿಗೆ ನೇರವಾಗಿ ಹೋಯಿತು. ಧ್ವನಿಯ ಹಿಂದೆಯೇ ಚಿತ್ರವೂ ಬಂತು. ವ್ಯಾನ್ ಜೇಕಬ್ಸನ್ ಮತ್ತು ಸ್ಟೀವ್ ಮೆಕ್ಯಾನ್ ಧ್ವನಿಗಾಗಿ, ಝೆರಾಕ್ಸ್ ಸಂಸ್ಥೆಯ ರಾನ್ ಫ್ರೆಡರಿಕ್ ಚಿತ್ರಕ್ಕಾಗಿ ಬರೆದ ತಂತ್ರಾಂಶಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹರಡಿದವು.

1993ರ ಜೂನ್ 24ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿರುವ ಝೆರಾಕ್ಸ್ ಸಂಶೋಧನಾ ಕೇಂದ್ರದ ಅಂಗಳದಲ್ಲಿ ಸಿವಿಯರ್ ಟೈರ್ ಡ್ಯಾಮೇಜ್ ತಂಡ ನುಡಿಸಿತು. ಒಳಗೆ ವಿಜ್ಞಾನಿಗಳು ಎಂ-ಬೋನ್ ಬಗ್ಗೆ ಚರ್ಚಿಸುತ್ತಿದ್ದರು. ಹೊರಗಿನ ಸಂಗೀತವನ್ನೇ ಅದಕ್ಕೆ ಹತ್ತಿಸಿಬಿಟ್ಟರು. ದೂರದ ಆಸ್ಟ್ರೇಲಿಯಾದಲ್ಲೂ ಅದನ್ನು ನೋಡಿದವರಿದ್ದರು. ಇಂಟರ್‌ನೆಟ್ಟಿನಲ್ಲಿ ನೇರವಾಗಿ ನುಡಿಸಿದ ಮೊದಲ ತಂಡ ತಾವೇ ಎಂಬ ಹೆಮ್ಮೆಯಿಂದಲೇ ಅವರು ಮರುವರ್ಷ ರೋಲಿಂಗ್ ಸ್ಟೋನ್ಸ್‌ಗಿಂತ ಮುಂಚೆ ಪರದೆಗೆ ನುಗ್ಗಿದ್ದು. ಡ್ರಮ್ ಬಾರಿಸುತ್ತಿದ್ದ ಮಾರ್ಕ್ ವೈಸರ್, ಕಂಪ್ಯೂಟರ್ ಎಂಬುದು ದಿನಬಳಕೆಯ ವಸ್ತುಗಳೊಳಗೆ ಸೇರಿ ಕಣ್ಣಿಗೆ ಬೀಳದಂತಾಗುತ್ತದೆ ಎಂದು ಮೊದಲೇ ಹೇಳಿ ಹೆಸರಾದವರು.

ಎಂ-ಬೋನ್‌ನಲ್ಲಿ ಕಾವಲುಗಾರರಿರಲಿಲ್ಲ, ಕಟ್ಟುಪಾಡಿತ್ತು. ಒಟ್ಟು ಸಂಚಾರ ಸೆಕೆಂಡಿಗೆ 500 ಕಿಲೋಬಿಟ್ ಮೀರಬಾರದೆಂಬ ತಿಳಿವಳಿಕೆಯಿತ್ತು. ದೊಡ್ಡ ಪ್ರಸಾರ ಮಾಡುವವರು ಮೊದಲೇ ತಿಳಿಸಿ ಸಮಯ ಹೊಂದಿಸಿಕೊಳ್ಳುತ್ತಿದ್ದರು. ಕೆರೆಯ ನೀರನ್ನು ಸರದಿಯಂತೆ ಬಿಟ್ಟುಕೊಳ್ಳುವ ಊರಿನ ಹಾಗೆ ಆ ಜಾಲ ನಡೆಯಿತು.

ಆ ಹೊತ್ತಿಗೆ ನಮ್ಮಲ್ಲಿ

ಭಾರತಕ್ಕೆ ಈ ಸಂಭ್ರಮ ಬಹಳ ದೂರದ ಮಾತು. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಿಂದಾಗಿ ಐಐಟಿಗಳಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಜಾಲದ ನಂಟಿತ್ತು. ಜನಸಾಮಾನ್ಯರಿಗೆ ವಿದೇಶ ಸಂಚಾರ ನಿಗಮ ಇಂಟರ್‌ನೆಟ್ ಒದಗಿಸಿದ್ದು 1995ರ ಆಗಸ್ಟ್ 15ರಂದು. ಫೋನ್ ತಂತಿಯ ಮೂಲಕ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಎಂ-ಬೋನ್‌ನ ಪುಟ್ಟ ಚಿತ್ರಕ್ಕೇ ಅದರ ಹದಿಮೂರು ಪಟ್ಟು ಬೇಕಿತ್ತು! ಅಗ್ಗದ ವಿದ್ಯಾರ್ಥಿ ಖಾತೆಯಲ್ಲಂತೂ ಬರೀ ಅಕ್ಷರ, ಚಿತ್ರವೇ ಇಲ್ಲ. ಹದಿನೈದು ವರ್ಷಗಳಲ್ಲಿ ಪರಿಸ್ಥಿತಿ ಎಷ್ಟು ಬದಲಾಯಿತೆಂದರೆ, 2010ರ ಐಪಿಎಲ್ ಕ್ರಿಕೆಟ್ ಪಂದ್ಯಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರವಾದವು.

ಮುರಿದ ಕನಸು

ಇಷ್ಟು ಸೊಗಸಾದ ಮಲ್ಟಿಕಾಸ್ಟ್ ಇಂಟರ್‌ನೆಟ್ಟಿನ ಉದ್ದಗಲಕ್ಕೆ ಏಕೆ ಹಬ್ಬಲಿಲ್ಲ? ಕಾರಣ ತಂತ್ರಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದಲ್ಲಿದೆ. ಪ್ರತಿ ತೆಗೆಯುವ ಹೊರೆ ನಡುದಾರಿಯ ಕಂಪನಿಗಳ ರೂಟರಿನ ಮೇಲೆ ಬೀಳುತ್ತಿತ್ತು. ಯಾವ ಕವಲಿನಲ್ಲಿ ಯಾರು ಏನು ಕೇಳಿದ್ದಾರೆಂಬುದನ್ನು ಅವು ನೆನಪಿಡಬೇಕಿತ್ತು. ಅದಕ್ಕೆ ಹಣ ಕೊಡುವವರು ಯಾರು? ಒಂದೇ ಪ್ರತಿ ಕಳುಹಿಸಿ ಲಕ್ಷ ಮನೆ ತಲುಪುವವನಿಗೆ ಶುಲ್ಕ ವಿಧಿಸುವುದು ಹೇಗೆ? ಯಾರು ಬೇಕಾದರೂ ಜಾಲದ ತುಂಬ ಪೊಟ್ಟಣ ಚೆಲ್ಲಬಹುದಾದರೆ ತಡೆಯುವವರು ಯಾರು? ಸಂಶೋಧಕರ ಪುಟ್ಟ ಊರಿನಲ್ಲಿ ಮರ್ಯಾದೆಯೇ ಕಾನೂನಾಗಿತ್ತು. ವ್ಯಾಪಾರದ ಪೇಟೆಯಲ್ಲಿ ಅದು ಸಾಲದಾಯಿತು. ಮಲ್ಟಿಕಾಸ್ಟ್ ಕಂಪನಿಗಳ, ಟೆಲಿವಿಷನ್ ಸೇವೆಗಳ ಒಳಜಾಲಗಳಲ್ಲಿ ಉಳಿಯಿತು. ಸಾರ್ವಜನಿಕ ಇಂಟರ್‌ನೆಟ್ಟಿನಲ್ಲಿ ಬೇರೂರಲಿಲ್ಲ.

ಗೆದ್ದದ್ದು ಹಳೆಯ ಅಂಚೆ ಪದ್ಧತಿಯೇ, ಒಬ್ಬೊಬ್ಬರಿಗೆ ಒಂದೊಂದು ಪ್ರತಿ. ಸಿಯಾಟಲ್‌ನಲ್ಲಿ ರಾಬ್ ಗ್ಲೇಸರ್ ಸ್ಥಾಪಿಸಿದ ಕಂಪನಿ 1995ರಲ್ಲಿ ರಿಯಲ್‌ಆಡಿಯೊವನ್ನೂ 1997ರಲ್ಲಿ ರಿಯಲ್‌ವಿಡಿಯೊವನ್ನೂ ತಂದು, ಮನೆಯ ಮಾಮೂಲಿ ಕಂಪ್ಯೂಟರಿಗೂ ಧ್ವನಿ, ಚಿತ್ರ ತಲುಪಿಸಿತು. ಆದರೆ ಜನ ಮುಗಿಬಿದ್ದಾಗ ಏನಾಗುತ್ತದೆ ಎಂಬುದು 1999ರ ಫೆಬ್ರುವರಿ 3ರಂದು ತಿಳಿಯಿತು. ಉಡುಪು ಕಂಪನಿಯಾದ ವಿಕ್ಟೋರಿಯಾಸ್ ಸೀಕ್ರೆಟ್ ತನ್ನ ಫ್ಯಾಷನ್ ಪ್ರದರ್ಶನದ ನೇರ ಪ್ರಸಾರಕ್ಕೆ ಟೀವಿಯಲ್ಲಿ ಜಾಹೀರಾತು ಕೊಟ್ಟಿತ್ತು. ಸುಮಾರು 15 ಲಕ್ಷ ಮಂದಿ ಬಂದರು. ಬಹಳ ಮಂದಿಗೆ ಬಾಗಿಲೇ ತೆರೆಯಲಿಲ್ಲ. ತೆರೆದವರಿಗೂ ಕಂಡದ್ದು ಅಂಚೆಚೀಟಿ ಗಾತ್ರದ ಮಸುಕು ಚಿತ್ರ.

ಮುದ್ರಣಾಲಯವನ್ನೇ ಊರಿಗೆ ಒಯ್ದಂತೆ

ಉತ್ತರ ಅದಾಗಲೇ ಮೊಳೆಯುತ್ತಿತ್ತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ 1998ರಲ್ಲಿ ಅಕಮಾಯ್ ಎಂಬ ಕಂಪನಿ ತೆರೆದರು. ಅವರ ಉಪಾಯ ಪತ್ರಿಕೆ ಓದುವವರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಅಚ್ಚಾದ ಪತ್ರಿಕೆಯನ್ನು ರಾತ್ರಿಯಿಡೀ ಲಾರಿಯಲ್ಲಿ ಹುಬ್ಬಳ್ಳಿಗೆ ಸಾಗಿಸುವ ಬದಲು, ಪುಟಗಳನ್ನಷ್ಟೇ ಒಮ್ಮೆ ಕಳುಹಿಸಿ ಹುಬ್ಬಳ್ಳಿಯಲ್ಲೇ ಅಚ್ಚು ಹಾಕಿದರೆ? ಹಾಗೆಯೇ ಊರೂರಿನಲ್ಲಿ ಸರ್ವರುಗಳನ್ನಿಟ್ಟು, ಪ್ರಸಾರದ ಒಂದು ಪ್ರತಿಯನ್ನು ಅಲ್ಲಿಗೆ ತಲುಪಿಸಿ, ಹತ್ತಿರದ ವೀಕ್ಷಕರಿಗೆ ಅಲ್ಲಿಂದಲೇ ಹಂಚುವುದು. ಇಂದಿನ ದೊಡ್ಡ ನೇರ ಪ್ರಸಾರಗಳೆಲ್ಲ ನಿಂತಿರುವುದು ಈ ಏರ್ಪಾಡಿನ ಮೇಲೆ.

ಇಂದು ಒಂದು ಪ್ರಸಾರ ಹೊರಡುವ ಬಗೆಯನ್ನು ನೋಡಿ. ಸೆಕೆಂಡಿಗೆ 25 ಚಿತ್ರಗಳಂತೆ, 1280 ಅಗಲ 720 ಎತ್ತರ ಚುಕ್ಕೆಗಳ ವಿಡಿಯೊವನ್ನು ಇದ್ದ ಹಾಗೇ ಕಳುಹಿಸಿದರೆ ಸೆಕೆಂಡಿಗೆ 55 ಕೋಟಿ ಬಿಟ್ ಆಗುತ್ತದೆ. ಎನ್‌ಕೋಡರ್ ಎಂಬ ತಂತ್ರಾಂಶ ಅದನ್ನು ಅಡಕ ಮಾಡುತ್ತದೆ. ಆಗಾಗ ಒಂದು ಚಿತ್ರವನ್ನು ಪೂರ್ತಿ ಕಳುಹಿಸಿ, ನಡುವಿನವುಗಳಲ್ಲಿ ಬದಲಾದ ಭಾಗವನ್ನಷ್ಟೇ ತಿಳಿಸುತ್ತದೆ. ಹಿಂದಿನ ಗೋಡೆ ಅಲುಗಾಡದಿದ್ದರೆ ಅದನ್ನು ಮತ್ತೆ ಮತ್ತೆ ಹೇಳುವುದೇಕೆ? ಹೀಗೆ 55 ಕೋಟಿ ಬಿಟ್ಟುಗಳು ಸುಮಾರು 25 ಲಕ್ಷಕ್ಕೆ ಇಳಿಯುತ್ತವೆ. ಈ ಹರಿವು ಸರ್ವರನ್ನು ತಲುಪಿದ ಮೇಲೆ ದೊಡ್ಡ, ನಡುವಣ, ಸಣ್ಣ ಗಾತ್ರಗಳಲ್ಲಿ ಸಿದ್ಧವಾಗಿ, ಕೆಲವು ಸೆಕೆಂಡುಗಳ ತುಂಡುಗಳಾಗುತ್ತದೆ. ನೋಡುವವರ ಮೊಬೈಲ್ ತನ್ನ ಸಂಪರ್ಕದ ಬಲಕ್ಕೆ ತಕ್ಕ ತುಂಡನ್ನು ಒಂದಾದ ಮೇಲೊಂದರಂತೆ ಕೇಳಿ ಪಡೆಯುತ್ತದೆ.

2009ರಲ್ಲಿ ಆಪಲ್ ಕಂಪನಿ ತಂದ ಈ ಪದ್ಧತಿಯಲ್ಲಿ ಒಂದು ತುಂಡು ಹತ್ತು ಸೆಕೆಂಡಿನದು. ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಚಿತ್ರ ಆರಂಭ. ಎಂದರೆ ‘ನೇರ’ ಪ್ರಸಾರ ಅರ್ಧ ನಿಮಿಷ ತಡ! ಪಕ್ಕದ ಮನೆಯ ಟೀವಿಯ ಮುಂದೆ ಸಿಕ್ಸರಿನ ಕೇಕೆ ಎದ್ದಾಗ ನಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವುದು ಇದರಿಂದಲೇ. ತುಂಡುಗಳು ಚಿಕ್ಕದಾದಂತೆ ಈ ತಡ ಕಡಿಮೆಯಾಗುತ್ತ ಬಂದಿದೆ, ಪೂರ್ತಿ ಹೋಗಿಲ್ಲ. ನಡುವೆ ಸಂಪರ್ಕ ತಡವರಿಸಿದರೂ ಚಿತ್ರ ನಿಲ್ಲಬಾರದೆಂದು ತೆರುವ ಬೆಲೆ ಅದು.

ಈ ಏರ್ಪಾಡಿನ ತಾಕತ್ತು 2023ರ ಆಗಸ್ಟ್ 23ರ ಸಂಜೆ ಕಂಡಿತು. ಬೆಂಗಳೂರಿನ ಇಸ್ರೊ ನಿಯಂತ್ರಣ ಕೇಂದ್ರದ ಸಿಬ್ಬಂದಿ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದ್ದನ್ನು ಖಚಿತಪಡಿಸಿಕೊಂಡು ಎದ್ದು ಚಪ್ಪಾಳೆ ತಟ್ಟಿದಾಗ, ಇಸ್ರೊದ ಯೂಟ್ಯೂಬ್ ವಾಹಿನಿಯಲ್ಲೇ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಪರದೆಗಳು ತೆರೆದಿದ್ದವು. ಜಾಲ ಕುಸಿಯಲಿಲ್ಲ. ಜಾಗರ್ ಅಂಜಿಕೆಗೆ ಮೂವತ್ತು ವರ್ಷಗಳಲ್ಲಿ ಉತ್ತರ ಸಿಕ್ಕಿತ್ತು.

ಬೀಗದ ಕೈ ಯಾರ ಬಳಿ?

ಆದರೆ ಆ ಉತ್ತರಕ್ಕೊಂದು ಬೆಲೆಯಿದೆ. ಊರೂರಿನಲ್ಲಿ ಸರ್ವರು ಇಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಲಕ್ಷ ವೀಕ್ಷಕರಿಗೆ ಸೆಕೆಂಡಿಗೆ 25 ಲಕ್ಷ ಬಿಟ್ ಎಂದರೆ ಒಟ್ಟು 25,000 ಕೋಟಿ ಬಿಟ್. ಇಷ್ಟನ್ನು ಹೊರಬಲ್ಲವು ಬೆರಳೆಣಿಕೆಯ ಕಂಪನಿಗಳು. ಪ್ರತಿ ತೆಗೆಯುವವರೇ ಪ್ರಸಾರದ ಬೀಗದ ಕೈ ಹಿಡಿದವರಾದರು.

ಇದು ಎಷ್ಟು ಎತ್ತರಕ್ಕೆ ತಾಕುತ್ತದೆ ಎಂಬುದಕ್ಕೆ ನಮ್ಮ ನ್ಯಾಯಾಲಯಗಳೇ ಸಾಕ್ಷಿ. 2018ರ ಸೆಪ್ಟೆಂಬರ್ 26ರಂದು ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಲಾಪದ ನೇರ ಪ್ರಸಾರ ಜನರ ಹಕ್ಕಿನ ಭಾಗವೆಂದು ಒಪ್ಪಿತು. ಕೋವಿಡ್ ಕಾಲದಲ್ಲಿ 2020ರ ಅಕ್ಟೋಬರಿನಲ್ಲಿ ಗುಜರಾತ್ ಹೈಕೋರ್ಟ್, 2021ರ ಮೇ 31ರಂದು ಪ್ರಾಯೋಗಿಕವಾಗಿ ಕರ್ನಾಟಕ ಹೈಕೋರ್ಟ್ ಈ ದಾರಿ ಹಿಡಿದವು. ಇದಕ್ಕಾಗಿ ಕರ್ನಾಟಕ ರೂಪಿಸಿದ ನಿಯಮಗಳು 2022ರ ಜನವರಿ 1ರಂದು ಜಾರಿಯಾದವು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪ 2022ರ ಸೆಪ್ಟೆಂಬರ್ 27ರಿಂದ ಪ್ರಸಾರವಾಗತೊಡಗಿತು. ಬೆಂಗಳೂರಿಗೋ ದೆಹಲಿಗೋ ಹೋಗಲಾಗದ ಕಕ್ಷಿದಾರ ತನ್ನ ಮೊಕದ್ದಮೆ ನಡೆಯುವುದನ್ನು ಊರಿನಲ್ಲೇ ನೋಡುವಂತಾದದ್ದು ಸಣ್ಣ ಮಾತಲ್ಲ.

ಆದರೆ ಈ ಪ್ರಸಾರಗಳೆಲ್ಲ ಸಾಗಿದ್ದು ಖಾಸಗಿ ಕಂಪನಿಯೊಂದರ ಯೂಟ್ಯೂಬ್ ಮೂಲಕ. ಕಲಾಪದ ಹಕ್ಕುಸ್ವಾಮ್ಯ ಯಾರದು ಎಂಬ ಪ್ರಶ್ನೆ ಬಂದಾಗ, ಹೊರಗಿನವರ ನೆರವಿಲ್ಲದೆ ತಾನೇ ಪ್ರಸಾರ ಮಾಡಲು ಬೇಕಾದಷ್ಟು ತಾಂತ್ರಿಕ ವ್ಯವಸ್ಥೆ ತನ್ನ ಬಳಿ ಇಲ್ಲವೆಂದು ಸುಪ್ರೀಂ ಕೋರ್ಟಿನ ರಿಜಿಸ್ಟ್ರಿ ತಿಳಿಸಿತು. 2024ರ ಸೆಪ್ಟೆಂಬರ್ 20ರಂದು ಕನ್ನಗಾರರು ಸುಪ್ರೀಂ ಕೋರ್ಟಿನ ಯೂಟ್ಯೂಬ್ ವಾಹಿನಿಗೇ ನುಗ್ಗಿ, ಕ್ರಿಪ್ಟೊ ಹಣದ ವಿಡಿಯೊ ಹಾಕಿದರು. ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲಿಗೂ ಬೇರೆಯವರ ಬೀಗವೇ!

ಹಾಗೆಂದು ಕಾವಲೇ ಬೇಡವೆನ್ನಲೂ ಆಗದು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಬಂದೂಕುಧಾರಿಯೊಬ್ಬ ಮಸೀದಿಯಲ್ಲಿದ್ದವರನ್ನು ಕೊಲ್ಲುತ್ತ ಅದನ್ನು ಫೇಸ್‌ಬುಕ್ಕಿನಲ್ಲಿ ನೇರವಾಗಿ ತೋರಿಸಿದ. ಮೊದಲ 24 ಗಂಟೆಗಳಲ್ಲಿ ಆ ದೃಶ್ಯದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಆ ಕಂಪನಿ ಹೇಳಿತು. ಕಾವಲಿಲ್ಲದ ಎಂ-ಬೋನ್ ಇಷ್ಟು ದೊಡ್ಡದಾಗಿದ್ದರೆ ಅಂಥ ಪ್ರತಿಗಳನ್ನು ತಡೆಯುವವರೇ ಇರುತ್ತಿರಲಿಲ್ಲ. ಹಾಗಾದರೆ ಪ್ರಶ್ನೆ ಬೀಗ ಇರಬೇಕೆ ಎಂಬುದಕ್ಕಿಂತ ಅದರ ಕೈ ಯಾರ ಬಳಿ ಇರಬೇಕು, ಅವರು ಯಾರಿಗೆ ಉತ್ತರ ಕೊಡಬೇಕು ಎಂಬುದಕ್ಕೆ ಬಂದು ನಿಲ್ಲುತ್ತದೆ. ನ್ಯಾಯಾಲಯದ ಕಲಾಪವಿರಲಿ, ಶಾಸನಸಭೆಯಿರಲಿ, ಜನರು ನೋಡಲೇಬೇಕಾದ ಸಂಗತಿಗಳನ್ನು ಜನರದೇ ಹಣದಿಂದ ಕಟ್ಟಿದ ಏರ್ಪಾಡಿನಲ್ಲಿ ತೋರಿಸುವ ಶಕ್ತಿ ಬೆಳೆಯದಿದ್ದರೆ, ಆ ಬೀಗದ ಕೈ ಕೇಳುವ ಹಕ್ಕೂ ನಮಗೆ ಉಳಿಯುವುದಿಲ್ಲ.

1994ರ ಆ ಸಂಜೆ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ತಂತಿ. ನೋಡುಗರು ಕೆಲವೇ ಮಂದಿ. ಇಂದು ಹಳ್ಳಿಯ ಹುಡುಗನ ಕೈಯಲ್ಲೂ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ, ನೋಡುಗರು ಲಕ್ಷವಾಗಬಹುದು. ಆದರೆ ಆತ ಪ್ರಸಾರಕ್ಕೆ ಮುಂಚೆ ಮಾಡಬೇಕಾದ ಮೊದಲ ಕೆಲಸ, ಯಾವುದೋ ಕಂಪನಿಯ ಉದ್ದನೆಯ ನಿಯಮಾವಳಿಯ ಕೆಳಗೆ, ಬಹುಮಟ್ಟಿಗೆ ಓದದೆಯೇ, ‘ಒಪ್ಪಿಗೆ’ ಎಂದು ಒತ್ತುವುದು.